ಸಹಾಯ ಬೇಕು: ಒಲಿಂಪಿಕ್ಸ್ ಮೈದಾನಗಳ ಗೋಡೆ ನಕ್ಷೆ ಬರೆಯುವವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಹತ್ತಿರದ ನಮ್ಮೂರ ಶಾಲೆಯ ಗೋಡೆಗೆ 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್ ನಕ್ಷೆ ಬರೆಸಬೇಕು ಅಂತಿದ್ದೇವೆ, ಯಾವ ಆಟ ಎಲ್ಲಿ ಅಂತ ಗುರುತು ಹಾಕಿ. ಈ ಮಳೆಯಲ್ಲಿ ಮಕ್ಕಳು ಮೈದಾನಕ್ಕೆ ಇಳಿಯೋ ಹಾಗಿಲ್ಲ, ಒಳಗೇ ಏನಾದರೂ ಕೆಲಸ ಬೇಕು ಅಲ್ವಾ.

ಮಕ್ಕಳು ಮೊದಲು ಕೇಳಿದ್ದು ಕ್ರಿಕೆಟ್. 1900ರ ನಂತರ ಈಗ ವಾಪಸ್ ಬರುತ್ತಿದೆ, ಅದೂ ಪೊಮೋನಾದ ಜಾತ್ರೆ ಮೈದಾನದಲ್ಲಿ. ನಗರದ ನಡುವಿನಿಂದ ಸುಮಾರು 50 ಕಿಲೋಮೀಟರ್, ನಮ್ಮ ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಇರುವುದಕ್ಕಿಂತ ಸ್ವಲ್ಪ ಕಡಿಮೆ. ಅಥ್ಲೆಟಿಕ್ಸ್ ಕೊಲಿಸಿಯಂನಲ್ಲಿ, 1932 ಮತ್ತು 1984ರಲ್ಲೂ ಅದೇ ಸ್ಟೇಡಿಯಂ. ಈಜಿನ ಕಥೆ ಬೇರೆ. ಇಂಗಲ್‌ವುಡ್‌ನ ಸೋಫೈ ಸ್ಟೇಡಿಯಂ ಒಳಗೆ ತಾತ್ಕಾಲಿಕ ಕೊಳ ಕೂರಿಸುತ್ತಾರಂತೆ, ಉದ್ಘಾಟನಾ ಸಮಾರಂಭ ಅಲ್ಲೂ ಇರುವುದರಿಂದ ಅದು ಮುಗಿದ ಮೇಲೇ ಕೊಳ, ಅದಕ್ಕೇ ಈ ಸಲ ಅಥ್ಲೆಟಿಕ್ಸ್ ಮೊದಲ ವಾರ, ಈಜು ಕೊನೆಯ ವಾರ, ಎಂದಿನದಕ್ಕೆ ಪೂರಾ ಉಲ್ಟಾ.

ಸಮಸ್ಯೆ ಇರುವುದು ಸಾಫ್ಟ್‌ಬಾಲ್ ಮತ್ತು ರಭಸದ ನೀರಿನಲ್ಲಿ ಕಂಬಗಳ ನಡುವೆ ದೋಣಿ ನಡೆಸುವ ಕನೂ ಸ್ಲಾಲಮ್‌ನದ್ದು. ಅವೆರಡೂ ಒಕ್ಲಹೋಮಾ ಸಿಟಿಯಲ್ಲಿ, ಸುಮಾರು 2,000 ಕಿಲೋಮೀಟರ್ ಆಚೆ! ಒಂದೇ ಅಳತೆಯಲ್ಲಿ ಬರೆದರೆ ಉಳಿದ ಮೈದಾನಗಳೆಲ್ಲ ಒಂದು ಚುಕ್ಕಿಯಾಗಿಬಿಡುತ್ತವೆ. ಮೂಲೆಯಲ್ಲಿ ಬೇರೆ ಚೌಕ ಮಾಡಿ ಅದನ್ನು ಹಾಕಬೇಕಾ, ಅಥವಾ ಸುಮ್ನೆ ಬಾಣ ಹಾಕಿ ದೂರ ಬರೆದರೆ ಸಾಕಾ?

ಗೋಡೆ ಚಿತ್ರ ಬರೆದು ಗೊತ್ತಿರುವವರು ತೀರ್ಥಹಳ್ಳಿ, ಹೊಸನಗರ, ಸಾಗರ ಕಡೆ ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಬಣ್ಣ, ಕೂಲಿ, ಊಟ ನಮ್ಮದು. ನಿಮ್ಮ ಮನೆಯವರು ಯಾರಾದರೂ ಲಾಸ್ ಏಂಜಲೀಸ್‌ನಲ್ಲಿದ್ದರೆ ಪೊಮೋನಾ ಮೈದಾನದ ಒಂದೆರಡು ಫೋಟೋ ಕಳಿಸಿಕೊಡಲಿ, ಹುಡುಗರು ದಿನಾ ಅದನ್ನೇ ಕೇಳುತ್ತಿದ್ದಾರೆ.