ಅಮ್ಮನಿಗೆ ಅಗಸೆ ಬೀಜ ಹೇಗೆ ಕೊಡಬೇಕು?

ಕದ್ರಿಯವ:
ಅಮ್ಮನಿಗೆ 62 ವರ್ಷ. ಈ ಸಲದ ರಕ್ತಪರೀಕ್ಷೆಯಲ್ಲಿ ಎಲ್‌ಡಿಎಲ್ ಅನ್ನುವ ಕೆಟ್ಟ ಕೊಲೆಸ್ಟ್ರಾಲ್ ಸ್ವಲ್ಪ ಜಾಸ್ತಿ ಬಂದಿದೆ. ಸದ್ಯಕ್ಕೆ ಮಾತ್ರೆ ಬೇಡ, ಊಟ ಸರಿ ಮಾಡಿ, ದಿನಾ ನಡೆಯಿರಿ ಅಂದಿದ್ದಾರೆ ಡಾಕ್ಟರು. ನಮ್ಮದು ಸಸ್ಯಾಹಾರಿ ಮನೆ. ಹಂಪನಕಟ್ಟೆಯಿಂದ ಅಗಸೆ ಬೀಜ ತಂದುಕೊಟ್ಟೆ. ಬೆಳಿಗ್ಗೆ ಥೈರಾಯ್ಡ್ ಮಾತ್ರೆ ಆದ ಕೂಡಲೇ ಒಂದು ಚಮಚ ಬೀಜವನ್ನು ಹಾಗೇ ನೀರಿನ ಜೊತೆ ನುಂಗುತ್ತಾರೆ. ಇದು ಸರಿಯಾ?

ಕಲ್ಯಾಣಪುರದ ಅಕ್ಕ:
ಇಡೀ ಬೀಜ ನುಂಗಿದರೆ ಹೆಚ್ಚಿನದು ಹಾಗೇ ಹೊರಗೆ ಹೋಗುತ್ತದೆ ತಮ್ಮಾ. ಸಿಪ್ಪೆ ಅಷ್ಟು ಗಟ್ಟಿ. ಪುಡಿ ಮಾಡಿಯೇ ಕೊಡಬೇಕು. ಒಂದು ದೊಡ್ಡ ಚಮಚ ಪುಡಿ ಸುಮಾರು 7 ಗ್ರಾಂ. ಅದರಲ್ಲಿ 2 ಗ್ರಾಂನಷ್ಟು ನಾರು, ಒಂದೂವರೆ ಗ್ರಾಂನಷ್ಟು ಒಮೆಗಾ-3 ಅನ್ನುವ ಒಳ್ಳೆಯ ಕೊಬ್ಬು ಇರುತ್ತದೆ. ಅಗಸೆಯ ಅಂಟು ನಾರು ಕರುಳಿನಲ್ಲಿ ಪಿತ್ತರಸವನ್ನು ಹಿಡಿದು ಹೊರಗೆ ಒಯ್ಯುತ್ತದೆ. ಹೊಸ ಪಿತ್ತ ಮಾಡಲು ಲಿವರ್ ರಕ್ತದಿಂದ ಕೊಲೆಸ್ಟ್ರಾಲ್ ಎಳೆದುಕೊಳ್ಳುತ್ತದೆ. ಎಲ್‌ಡಿಎಲ್ ಸ್ವಲ್ಪ ಇಳಿಯುವುದು ಹೀಗೆ. ಸ್ವಲ್ಪವೇ, ಪವಾಡ ಏನಿಲ್ಲ. ನಡಿಗೆ ಬಿಡಬಾರದು.

ನನ್ನ ತವರು ಧಾರವಾಡ. ಅಲ್ಲಿ ರೊಟ್ಟಿ ಜೊತೆ ಅಗಸಿ ಹಿಂಡಿ, ಅಂದರೆ ಅಗಸೆ ಚಟ್ನಿಪುಡಿ, ಇಲ್ಲದ ಮನೆ ಕಡಿಮೆ. ಇಲ್ಲಿಗೆ ಬಂದ ಮೇಲೆ ನಾನು ಅದನ್ನೇ ಕುಚ್ಚಲಕ್ಕಿ ಗಂಜಿಗೆ ಹಾಕಿಕೊಳ್ಳುತ್ತೇನೆ. ಅತ್ತೆಗೂ ಈಗ ಅದು ಬೇಕೇ ಬೇಕು. ಸಣ್ಣ ಉರಿಯಲ್ಲಿ ಬೀಜ ಚಟಪಟ ಅನ್ನುವವರೆಗೆ ಹುರಿಯಿರಿ. ಬ್ಯಾಡಗಿ ಮೆಣಸು, ಜೀರಿಗೆ ಬೇರೆ ಹುರಿಯಿರಿ. ಎಲ್ಲ ಪೂರ್ತಿ ಆರಿದ ಮೇಲೆ ಹುಣಸೆ, ಉಪ್ಪು, ಬೆಳ್ಳುಳ್ಳಿ ಸೇರಿಸಿ ಮಿಕ್ಸಿಯಲ್ಲಿ ಬಿಟ್ಟು ಬಿಟ್ಟು ತಿರುಗಿಸಿ. ಒಂದೇ ಸಮನೆ ತಿರುಗಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಬೆಳ್ಳುಳ್ಳಿ ಆಗದಿದ್ದರೆ ಇಂಗು ಸಾಕು. ಉಪ್ಪು ಮಾತ್ರ ಕೈ ಹಿಡಿದು ಹಾಕಿ.

ನಮ್ಮ ಕರಾವಳಿಯ ಮಳೆಗಾಲದಲ್ಲಿ ಪುಡಿ ಬೇಗ ಮುಗ್ಗಲು ಹಿಡಿಯುತ್ತದೆ, ಎಣ್ಣೆ ಕಮಟು ವಾಸನೆ ಬರುತ್ತದೆ. ವಾರಕ್ಕಾಗುವಷ್ಟೇ ಮಾಡಿ, ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಫ್ರಿಜ್‌ನಲ್ಲಿಡಿ. ವಾಸನೆ ಬಂದರೆ ಎಸೆದುಬಿಡಿ.

ಥೈರಾಯ್ಡ್ ಮಾತ್ರೆ ಜೊತೆ ಬೇಡವೇ ಬೇಡ. ನಾರು ಮಾತ್ರೆಯನ್ನು ಮೈಗೆ ಪೂರ್ತಿ ಹತ್ತಲು ಬಿಡದಿರಬಹುದು. ಮಾತ್ರೆ ಬೆಳಿಗ್ಗೆ, ಅಗಸೆ ಮಧ್ಯಾಹ್ನದ ಊಟಕ್ಕೆ. ಮೊದಲು ಒಂದು ಸಣ್ಣ ಚಮಚದಿಂದ ಶುರು ಮಾಡಿ, ಇಲ್ಲದಿದ್ದರೆ ಹೊಟ್ಟೆ ಉಬ್ಬರಿಸುತ್ತದೆ. ನೀರು ಚೆನ್ನಾಗಿ ಕುಡಿಯಲಿ.

ಮಲ್ಪೆ ಬೀಚ್:
ಮೀನು ತಿನ್ನುವವರೂ ಓದುತ್ತಾರೆ, ಅದಕ್ಕೆ ಹೇಳುವುದು. ಬಂಗುಡೆ, ಬೂತಾಯಿಯ ಒಮೆಗಾ-3 ನಮ್ಮ ಮೈಗೆ ನೇರ ಸಿಗುತ್ತದೆ. ಅಗಸೆಯದ್ದು ಬೇರೆ ಬಗೆ. ಮೈ ಅದನ್ನು ಮೀನಿನ ಬಗೆಗೆ ಬದಲಾಯಿಸಿಕೊಳ್ಳುವುದು ತುಂಬಾ ಕಡಿಮೆ. ಹಾಗಾಗಿ ಮೀನಿನ ಬದಲು ಅಗಸೆ ಅಂತ ಲೆಕ್ಕ ಹಾಕಬೇಡಿ ಮಾರಾಯ್ರೇ. ಆದರೆ ಮೀನಿನಲ್ಲಿ ನಾರು ಇಲ್ಲ. ಜೂನ್, ಜುಲೈಯಲ್ಲಿ ಬೋಟು ಕಡಲಿಗೆ ಇಳಿಯದಿರುವಾಗ ನಮ್ಮ ಮನೆಯಲ್ಲೂ ನೀರುದೋಸೆ ಚಟ್ನಿಗೆ ಅಗಸೆ ಪುಡಿ ಬೀಳುತ್ತದೆ.

ಕದ್ರಿಯವ:
ತುಂಬಾ ಉಪಕಾರ ಅಕ್ಕ. ಅಪ್ಪನಿಗೂ ಕೊಡಬಹುದಾ? ಅವರು ರಕ್ತ ಹೆಪ್ಪುಗಟ್ಟದ ಹಾಗೆ ಮಾತ್ರೆ ತಗೊಳ್ತಾರೆ.

ಕಲ್ಯಾಣಪುರದ ಅಕ್ಕ:
ಡಾಕ್ಟರನ್ನು ಕೇಳದೆ ಬೇಡ. ಅಗಸೆಗೂ ರಕ್ತವನ್ನು ಸ್ವಲ್ಪ ತೆಳು ಮಾಡುವ ಗುಣ ಇರಬಹುದು. ಮುಂದಿನ ಸಲ ಹೋಗುವಾಗ ಮಾತ್ರೆ ಚೀಟಿ ತೋರಿಸಿ ಕೇಳಿ. ಅಲ್ಲಿಯವರೆಗೆ ಅಪ್ಪನ ತಟ್ಟೆಗೆ ಬೇರೆ ಚಟ್ನಿ ಬಡಿಸಿ.