ಹಕ್ಕಿ, ಆಟ, ಮಳೆ: ಮಿರರ್‌ಲೆಸ್ ತಗೊಳ್ಳೋದಾ, ದೊಡ್ಡ ಜೂಮಿನ ಬ್ರಿಜ್ ಕ್ಯಾಮೆರಾನಾ?

ಕೇಳಿದವರು, ಶಿರಸಿ ಕಡೆಯಿಂದ

ಎಲ್ಲರಿಗೂ ನಮಸ್ಕಾರ. ನಮ್ಮದು ಶಿರಸಿ ಹತ್ತಿರದ ಹಳ್ಳಿ, ಅಡಿಕೆ ತೋಟ. ತೋಟಕ್ಕೆ, ಬೆಟ್ಟಕ್ಕೆ ಬರುವ ಹಕ್ಕಿಗಳ ಫೋಟೋ ತೆಗೆಯುವ ಹುಚ್ಚು ಹಿಡಿದಿದೆ. ಮೊಬೈಲಿನಲ್ಲಿ ಹಕ್ಕಿ ಅಂದರೆ ಬರೀ ಕಪ್ಪು ಚುಕ್ಕೆ. ಮಳೆಗಾಲದಲ್ಲಿ ಸೋಂದಾದ ಮುಂಡಿಗೆಕೆರೆ ಪಕ್ಷಿಧಾಮಕ್ಕೆ ಹೋಗುತ್ತೇನೆ. ತವರು ಕುಮಟಾ, ಹಾಗಾಗಿ ಅಘನಾಶಿನಿ ಹೊಳೆ ಕಡೆಗೂ ಹೋಗಿ ಬರೋದಿದೆ. ಊರಲ್ಲಿ ಯಕ್ಷಗಾನದ ಆಟ ಇದ್ದರೆ ಅದರ ಫೋಟೋನೂ ಬೇಕು. ಎಲ್ಲಾ ಸೇರಿ 80 ಸಾವಿರದ ಒಳಗೆ ಮುಗಿಯಬೇಕು. ಅಂಗಡಿಯವರು ಲೆನ್ಸ್ ಬದಲಿಸುವಂಥ ಮಿರರ್‌ಲೆಸ್ಸೇ ಬೆಸ್ಟ್ ಅಂತಾರೆ. ಅಣ್ಣನ ಮಗ, "ಅತ್ತೆ, ನಿಂಗೆ ಲೆನ್ಸ್ ಬದಲಿಸೋ ರಗಳೆ ಬೇಡ, ಲೆನ್ಸ್ ಜೊತೆಗೇ ಕೂತಿರೋ ಬ್ರಿಜ್ ಕ್ಯಾಮೆರಾ, ನಿಕಾನ್ ಪಿ950 ಥರದ್ದು ತಗೋ" ಅಂತಾನೆ. ಬಳಸಿದವರು ಹೇಳಿ.

ಕುಮಟಾದಿಂದ ಒಬ್ಬರು

ಅಕ್ಕ, ಅಂಗಡಿಯವರು ಮಿರರ್‌ಲೆಸ್ ಅಂದಾಗ ಯಾವ ಲೆನ್ಸ್ ತೋರಿಸಿದರು? ಅದನ್ನು ಮೊದಲು ಕೇಳಿ. ನಿಮ್ಮ ದುಡ್ಡಿಗೆ ಸಾಮಾನ್ಯವಾಗಿ ಕೈಗೆ ಬರೋದು ಎರಡು ಲೆನ್ಸಿನ ಕಿಟ್. ಕ್ಯಾನನ್ ಆರ್50 ಆದರೆ 18-45 ಮತ್ತು 55-210 ಎಂಎಂ, ಈ ಅಂಕಿ ದೊಡ್ಡದಾದಷ್ಟು ದೂರದ್ದು ಹತ್ತಿರ ಕಾಣುತ್ತದೆ. ನಿಕಾನ್ ಝಡ್50 ಆದರೆ 16-50 ಮತ್ತು 50-250. ಕ್ಯಾನನ್‌ನ 210 ಅನ್ನು 1.6ರಿಂದ ಗುಣಿಸಿದರೆ ಫುಲ್ ಫ್ರೇಮ್ ಲೆಕ್ಕದಲ್ಲಿ, ಅಂದರೆ ಹಳೆಯ ಫಿಲ್ಮ್ ಕ್ಯಾಮೆರಾದ ಅಳತೆಯಲ್ಲಿ, 336 ಎಂಎಂ. ನಿಕಾನ್‌ದು 375. ತೋಟದ ಆಚೆ ತುದಿಯಲ್ಲಿ ಅಡಿಕೆ ಮರದ ತಲೆ ಮೇಲೆ ಕೂತ ಹಕ್ಕಿಗೆ ಇದು ಸಾಲೋದಿಲ್ಲ. ಅದೇ ಲೆಕ್ಕದಲ್ಲಿ ಪಿ950 ಕ್ಯಾಮೆರಾದ್ದು 2000 ಎಂಎಂ.

ಬ್ರಿಜ್‌ನ ಸೆನ್ಸರ್ (ಬೆಳಕು ಹಿಡಿಯುವ ಚಿಪ್) ಸಣ್ಣದಲ್ವಾ ಅಂತ ಈಗ ನಾಲ್ಕು ಜನ ಬರುತ್ತಾರೆ. ಹೌದು, ಸಣ್ಣದೇ. ಬ್ರಿಜ್‌ನದು ಸುಮಾರು 6.2 × 4.6 ಮಿಲಿಮೀಟರ್. ಆರ್50 ಸೆನ್ಸರ್ 22.3 × 14.9. ವಿಸ್ತೀರ್ಣದಲ್ಲಿ ಹತ್ತು ಪಟ್ಟಿಗಿಂತ ಜಾಸ್ತಿ. ಉಂಚಳ್ಳಿ ಜಲಪಾತದಂಥ ಇಡೀ ದೃಶ್ಯ ತೆಗೆಯುವಾಗ ಈ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ದೂರದ ಹಕ್ಕಿಯ ವಿಷಯ ಬೇರೆ. ಆ ಹಕ್ಕಿಯಿಂದ ಎಷ್ಟು ಬೆಳಕು ಒಳಗೆ ಬರುತ್ತದೆ ಅನ್ನೋದು ಲೆನ್ಸಿನ ಬಾಯಿ ಎಷ್ಟು ಅಗಲ ಅನ್ನೋದರ ಮೇಲೆ ನಿಂತಿದೆ. ಲೆನ್ಸಿನ ನಿಜವಾದ ಫೋಕಲ್ ಲೆಂತನ್ನು ಎಫ್ ನಂಬರಿನಿಂದ ಭಾಗಿಸಿ, ಸಿಗುತ್ತದೆ. ಕ್ಯಾನನ್ ಕಿಟ್‌ನ 210 ತುದಿಯಲ್ಲಿ ಎಫ್/7.1, ಅಂದರೆ ಸುಮಾರು 30 ಎಂಎಂ ಬಾಯಿ. ಪಿ950 ತುದಿಯಲ್ಲಿ ನಿಜವಾಗಿ 357 ಎಂಎಂ, ಎಫ್/6.5. ಬಾಯಿ 55 ಎಂಎಂ. ಒಂದೇ ಜಾಗದಲ್ಲಿ ನಿಂತು, ಅದೇ ಹಕ್ಕಿಯನ್ನು, ಅದೇ ಶಟರ್ ವೇಗದಲ್ಲಿ ತೆಗೆದರೆ ಹಕ್ಕಿಯ ಬೆಳಕು ಬ್ರಿಜ್‌ಗೆ ಮೂರು ಪಟ್ಟಿಗಿಂತ ಜಾಸ್ತಿ ಸಿಗುತ್ತದೆ. ಕಿಟ್ ಲೆನ್ಸಿನ ಫೋಟೋವನ್ನು ಹಕ್ಕಿಯಷ್ಟಕ್ಕೆ ಕತ್ತರಿಸಿ ಕ್ರಾಪ್ ಮಾಡಿದಾಗ ಆ ದೊಡ್ಡ ಸೆನ್ಸರಿನಲ್ಲಿ ನಿಮಗೆ ಉಳಿಯೋದು ಒಂದು ತುಣುಕು. ದೊಡ್ಡ ಮನೆ ಕಟ್ಟಿಸಿ ಜಗಲಿಯಲ್ಲಿ ಮಲಗಿದ ಹಾಗೆ.

ಕ್ಯಾನನ್‌ನ ಆರ್‌ಎಫ್ 100-400 ಹಾಕಿದರೆ ಆಗ ಹೋಲಿಕೆ ಸರಿಸಮ. 400 ಎಂಎಂ, ಎಫ್/8, ಬಾಯಿ 50 ಎಂಎಂ. ತೂಕವೂ ಅಷ್ಟೇ: ಬಾಡಿ 375 ಗ್ರಾಂ, ಲೆನ್ಸ್ 635, ಒಟ್ಟು 1010. ಪಿ950 ತೂಗೋದು 1005. ಆದರೆ ಆ ಲೆನ್ಸಿಗೆ ಹೆಚ್ಚುಕಮ್ಮಿ ಬಾಡಿಯಷ್ಟೇ ದುಡ್ಡು ಬೇಕು, 80 ಸಾವಿರ ದಾಟಿ ಹೋಗುತ್ತದೆ. ಬೆಳಕಿನಲ್ಲಿ ಬ್ರಿಜ್ಜನ್ನು ನಿಜವಾಗಿ ಸೋಲಿಸೋದು ಸೋನಿ 200-600 ಥರದ ಲೆನ್ಸು. ಅದರ ಬಾಯಿ 95 ಎಂಎಂ. ಲೆನ್ಸೇ ಎರಡು ಕೆಜಿ ಮೇಲೆ, ಬೆಲೆ ಒಂದೂವರೆ ಲಕ್ಷದ ಮೇಲೆ. ಹಾಗಾಗಿ ಮಿರರ್‌ಲೆಸ್ಸಾ ಬ್ರಿಜ್ಜಾ ಅನ್ನೋದಕ್ಕಿಂತ, ಈ ದುಡ್ಡಿಗೆ ಎಷ್ಟು ಅಗಲದ ಗಾಜು ಬರುತ್ತದೆ ಅಂತ ನೋಡಿ.

ಇನ್ನು ಅಘನಾಶಿನಿ. 2024ರಲ್ಲಿ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಮೇಲೆ ಕ್ಯಾಮೆರಾ ಹಿಡಿದು ಬರುವವರು ಜಾಸ್ತಿ ಕಾಣುತ್ತಾರೆ. ನೀರು ಇಳಿದಾಗ ಕೆಸರು ಬಯಲಿನಲ್ಲಿ ಗೊರವಗಳು ಮೇಯುತ್ತವೆ, ಬಹಳ ದೂರದಲ್ಲಿ. ಗಜನಿ (ಉಪ್ಪುನೀರಿನ ಗದ್ದೆ) ಕಟ್ಟೆ ಮೇಲೆ ನಿಂತರೆ ಉದ್ದ ಜೂಮು ಬೇಕೇ ಬೇಕು. ಆದರೆ ಬಿಸಿಲೇರಿದ ಮೇಲೆ 2000 ಎಂಎಂ ಇದ್ದೂ ಪ್ರಯೋಜನ ಇಲ್ಲ. ಕೆಸರಿನಿಂದ ಏಳುವ ಕಾವಿಗೆ ಗಾಳಿ ಕುಣಿಯುತ್ತದೆ. ಹಕ್ಕಿಯ ಕಾಲು ಸ್ಕ್ರೀನಿನಲ್ಲಿ ಹಾವಿನ ಥರ ಹೊರಳುತ್ತಿರುತ್ತದೆ, ಗರಿಯ ಅಂಚು ಕರಗಿ ಹೋಗಿರುತ್ತದೆ. ಕ್ಯಾಮೆರಾ ಕೆಟ್ಟಿದೆ ಅಂತ ಅಂಗಡಿಗೆ ಓಡಬೇಡಿ. ಎಷ್ಟು ಲಕ್ಷದ ಲೆನ್ಸ್ ಹಾಕಿದರೂ ಇದೇ ಕತೆ. ಬೆಳಿಗ್ಗೆ ಬೇಗ ಇಳಿತ ಇರುವ ದಿನ ನೋಡಿಕೊಂಡು ಹೋಗಿ.

ದಾಂಡೇಲಿಯಿಂದ ಒಬ್ಬರು

ಕುಮಟಾದವರ ಲೆಕ್ಕ ತಪ್ಪಿಲ್ಲ. ಆದರೆ ಹಕ್ಕಿ ಕೂತಿರಬೇಕಲ್ಲ ಮಾರಾಯ್ರೆ! ನಮ್ಮಲ್ಲಿ ದೊಡ್ಡ ಮಂಗಟ್ಟೆ ಬರುವಾಗ ರೆಕ್ಕೆಯ ಸದ್ದು ಮೊದಲು ಕೇಳುತ್ತದೆ. ತಲೆ ಎತ್ತಿ ನೋಡುವಷ್ಟರಲ್ಲಿ ಅದು ಕಾಳಿ ಹೊಳೆಯ ಅರ್ಧ ದಾಟಿರುತ್ತದೆ. ಬ್ರಿಜ್ ಕ್ಯಾಮೆರಾದ ಜೂಮು ಮೋಟಾರಿನದು. 24ರಿಂದ 2000ಕ್ಕೆ ಅದು ಗುಂಯ್ ಅಂತ ಹೋಗಿ ಮುಟ್ಟುವ ಹೊತ್ತಿಗೆ ನಿಮಗೆ ಸಿಗೋದು ಖಾಲಿ ಆಕಾಶ. ಮಿರರ್‌ಲೆಸ್ ಲೆನ್ಸಾದರೆ ಕೈಯಲ್ಲೇ ಒಂದು ತಿರುವು ಸಾಕು.

ಫೋಕಸ್ ಇನ್ನೊಂದು ತಲೆನೋವು. ಕಾಡಿನಲ್ಲಿ ಹಕ್ಕಿ ಬಯಲಿಗೆ ಬಂದು ಕೂರೋದಿಲ್ಲ. ಕಾಕರಣೆ ಹಕ್ಕಿ ನೆರಳಲ್ಲಿ, ಎಲೆ ಬಳ್ಳಿ ನಡುವೆ ಅಲ್ಲಾಡದೆ ಕೂತಿರುತ್ತದೆ. ಪಿ950 ಎದುರಿನ ಎಲೆಗೆ ಫೋಕಸ್ ಮಾಡುತ್ತದೆ. ಮತ್ತೆ ಹಿಂದಿನ ಕೊಂಬೆಗೆ. ಮತ್ತೆ ಎಲೆಗೆ. ಅದೃಷ್ಟ ಇದ್ದರೆ ನಡುವಿನ ಹಕ್ಕಿಗೆ. ಕ್ಯಾನನ್‌ನ ಆರ್50, ಆರ್10 ಎರಡರಲ್ಲೂ ಹಕ್ಕಿಯನ್ನು ಗುರುತಿಸಿ ಹಿಂಬಾಲಿಸುವ ಫೋಕಸ್ ಇದೆ. ಕಣ್ಣು ಕಂಡರೆ ಕಣ್ಣಿಗೇ ಹಿಡಿಯುತ್ತದೆ. ಒಮ್ಮೆ ಇದರ ರುಚಿ ಹತ್ತಿದರೆ ಹಿಂದೆ ಹೋಗೋದು ಕಷ್ಟ. ಬ್ರಿಜ್‌ನಲ್ಲಿ ಸೆಕೆಂಡಿಗೆ 7ರಂತೆ 10 ಫೋಟೋ ಆದ ಮೇಲೆ ಕಾರ್ಡಿಗೆ ಬರೆಯೋಕೆ ನಿಲ್ಲುತ್ತದೆ. ಹಕ್ಕಿ ರೆಕ್ಕೆ ಬಿಚ್ಚೋದು ಸರಿಯಾಗಿ ಆಗಲೇ!

ಮತ್ತೆ ನೆರಳಲ್ಲಿ ಬೆಳಕು ಸಾಲದೆ ಐಎಸ್‌ಒ (ಸೆನ್ಸರಿನ ಸೂಕ್ಷ್ಮತೆ) ಏರಿಸಿ 1600 ಹಾಕಿದಿರೋ, ಸಣ್ಣ ಸೆನ್ಸರಿನಲ್ಲಿ ಗರಿ ಎಲ್ಲಾ ಮೆತ್ತಿದ ಬಣ್ಣ ಆಗುತ್ತದೆ. ರಾ ಫೈಲ್ (ಕ್ಯಾಮೆರಾ ತಿದ್ದದ ಕಚ್ಚಾ ಫೋಟೋ) ತೆಗೆದು ಕಂಪ್ಯೂಟರಿನಲ್ಲಿ ಕೂತರೆ ಸ್ವಲ್ಪ ಸರಿ ಹೋಗುತ್ತದೆ. ಅಕ್ಕ ಅಷ್ಟು ಕೂರುತ್ತಾರಾ ಅನ್ನೋದು ಅವರಿಗೇ ಗೊತ್ತು.

ಆದರೂ ಬ್ರಿಜ್ಜೇ ತಗೊಂಡರೆ ಒಂದು ಮಾತು. ಲೆನ್ಸಿನ ಎಡಬದಿಯಲ್ಲಿ ಒಂದು ಗುಂಡಿ ಇದೆ. ಒತ್ತಿ ಹಿಡಿದರೆ ಜೂಮು ಹಿಂದೆ ಬಂದು ಸುತ್ತಲಿನ ಜಾಗ ಕಾಣುತ್ತದೆ. ಹಕ್ಕಿಯನ್ನು ನಡುವಿಗೆ ತಂದು ಬಿಟ್ಟರೆ ಮತ್ತೆ ಅದೇ ಜೂಮಿಗೆ ಹೋಗುತ್ತದೆ. ಹೊಸಬರಲ್ಲಿ ಹೆಚ್ಚಿನವರು ಆ ಗುಂಡಿ ಮುಟ್ಟೋದೇ ಇಲ್ಲ, ಹಕ್ಕಿ ಸಿಗಲಿಲ್ಲ ಅಂತ ಬೈದುಕೊಳ್ಳುತ್ತಾರೆ.

ಗೂಡಿನ ವಿಷಯದಲ್ಲಿ ಮಾತ್ರ ಉದ್ದ ಜೂಮಿಗೇ ನನ್ನ ಓಟು. ಮಂಗಟ್ಟೆಯ ಹೆಣ್ಣು ಪೊಟರೆಯೊಳಗೆ ಸೇರಿ ಪೊಟರೆಯ ಬಾಯಿ ಮುಚ್ಚಿಕೊಂಡಿರುತ್ತದೆ, ಗಂಡು ತಂದು ಕೊಟ್ಟ ಹಣ್ಣೇ ಅದಕ್ಕೆ ಊಟ. ಜನ ಹತ್ತಿರ ಹೋಗಿ ನಿಂತರೆ ಗಂಡು ಬರೋಕೆ ಹೆದರುತ್ತದೆ. ದೂರದಿಂದ ತೆಗೆಯೋಕೆ ಆಗದಿದ್ದರೆ ತೆಗೆಯೋದೇ ಬೇಡ.

ಹೊನ್ನಾವರದಿಂದ ಒಬ್ಬರು

ಆಟದ ಬಗ್ಗೆ ಇನ್ನೂ ಯಾರೂ ಹೇಳಿಲ್ಲ. ಅಲ್ಲಿ ಬ್ರಿಜ್ ಸೋಲುತ್ತದೆ, ಸಂಶಯ ಇಲ್ಲ. 24 ಎಂಎಂನಲ್ಲಿ ಎಫ್/2.8 ಇದ್ದರೂ ವೇಷಧಾರಿಯ ಮುಖಕ್ಕೆ ಜೂಮು ಮಾಡುತ್ತಾ ಹೋದ ಹಾಗೆ ಬೆಳಕು ಕಡಿಮೆ ಆಗುತ್ತಾ ಹೋಗುತ್ತದೆ. ವೇಷಧಾರಿ ಹಾರಿ ಸುತ್ತಿ ಧಿಗಿಣ ಹೊಡೆಯುವಾಗ ಶಟರ್ 1/320 ಆದರೂ ಬೇಕು. ಆ ವೇಗಕ್ಕೆ ಐಎಸ್‌ಒ ಮೇಲೇರುತ್ತದೆ, ತಲೆಗೆ ಕಟ್ಟಿದ ಕೇದಗೆ ಮುಂದಲೆಯ ಜರಿ, ಎದೆಕಟ್ಟಿನ ಮಣಿ ಎಲ್ಲಾ ಒಂದೇ ಹಳದಿ ಮುದ್ದೆ. ಮಿರರ್‌ಲೆಸ್‌ಗೆ ಒಂದು 50 ಎಂಎಂ ಎಫ್/1.8 ಹಾಕಿ, ವೇಷ ಕಟ್ಟುವ ಚೌಕಿಯಿಂದ ರಂಗಸ್ಥಳದ ತನಕ ಅದೊಂದರಲ್ಲೇ ಮುಗಿಯುತ್ತದೆ. ಆ ಲೆನ್ಸ್ ಬಹಳ ದುಬಾರಿಯೂ ಅಲ್ಲ. ಈಗ ಎಲ್ಲಾ ಕಡೆ ಎಲ್‌ಇಡಿ ದೀಪ ನೋಡಿ, ಪೂರ್ತಿ ಎಲೆಕ್ಟ್ರಾನಿಕ್ ಶಟರ್ ಹಾಕಿದರೆ ಫೋಟೋದಲ್ಲಿ ಅಡ್ಡ ಪಟ್ಟೆ ಬರಬಹುದು. ಅದನ್ನು ಆಫ್ ಮಾಡಿಕೊಳ್ಳಿ. ಫ್ಲಾಶ್ ಅಂತೂ ಬೇಡವೇ ಬೇಡ. ಭಾಗವತರು ಏನೂ ಅನ್ನದಿದ್ದರೂ ಹಿಂದೆ ಕೂತ ಅಜ್ಜಂದಿರು ಬಿಡೋದಿಲ್ಲ.

ಆದರೆ ವರ್ಷಕ್ಕೆ ಎಷ್ಟು ಆಟ ನೋಡ್ತೀರಿ, ಎಷ್ಟು ಬೆಳಿಗ್ಗೆ ತೋಟದಲ್ಲಿ ಹಕ್ಕಿ ನೋಡ್ತೀರಿ? ಹಕ್ಕಿಯೇ ಜಾಸ್ತಿ ಆದರೆ ಆಟಕ್ಕೋಸ್ಕರ ಕ್ಯಾಮೆರಾ ಆರಿಸಬೇಡಿ. ಎದುರಿನ ಸಾಲಿನಲ್ಲಿ ಕೂತರೆ ಈಗಿನ ಒಳ್ಳೆ ಮೊಬೈಲೇ ಒಂದು ಮಟ್ಟಕ್ಕೆ ಸಾಕು.

ಕಾರವಾರದಿಂದ ಒಬ್ಬರು

ನಾನು ಎರಡನ್ನೂ ಇಟ್ಟುಕೊಂಡಿದ್ದೇನೆ. ಕಡಲ ಬದಿಗೆ ಹೋಗುವಾಗ ಕೈ ತಾನಾಗಿ ಬ್ರಿಜ್ ಕಡೆಗೇ ಹೋಗುತ್ತದೆ. ಗಾಳಿಯಲ್ಲಿ ಮರಳು, ಉಪ್ಪು. ಅಲ್ಲಿ ನಿಂತು ಲೆನ್ಸ್ ಬಿಚ್ಚಿದರೆ ಸೆನ್ಸರ್ ಮೇಲೆ ಧೂಳು ಕೂರುತ್ತದೆ. ಬಿಳಿಹೊಟ್ಟೆಯ ಕಡಲ ಹದ್ದು ಬಿಸಿಲಿನಲ್ಲಿ ದೊಡ್ಡ ಮರದ ತುದಿಗೆ ಕೂತಾಗ ಸಣ್ಣ ಸೆನ್ಸರಿಗೂ ಬೆಳಕು ಧಾರಾಳ. ಅಂಥ ಫೋಟೋ ಎರಡು ಕ್ಯಾಮೆರಾದಲ್ಲೂ ತೆಗೆದು ಮೊಬೈಲಿನಲ್ಲಿ ತೋರಿಸಿದರೆ ಯಾವುದು ಯಾವುದರದ್ದು ಅಂತ ಹೇಳೋದು ಕಷ್ಟ. ಮನೆಗೆ ಬಂದ ಮೇಲೆ ಒದ್ದೆ ಮಾಡಿ ಹಿಂಡಿದ ಬಟ್ಟೆಯಲ್ಲಿ ಹೊರಮೈ ಒರೆಸಿ. ಉಪ್ಪು ಒಣಗಿ ಕೂತರೆ ಜೂಮಿನ ಸಂದಿಗೆ ಇಳಿಯುತ್ತದೆ.

ಇನ್ನೊಂದು ಮಾತು. ಈ ಕಡೆ ಬಂದಾಗ ಅರ್ಗಾ ಕಡೆಯ ನೌಕಾನೆಲೆಗೆ ಜೂಮು ತಿರುಗಿಸಬೇಡಿ. ಫೋಟೋ ನಿಷೇಧ ಅಂತ ಬೋರ್ಡ್ ಇರುವ ಜಾಗ ಅದು. ಹಕ್ಕಿ ತೆಗೀತಿದ್ದೆ ಅಂದರೆ ಯಾರೂ ನಂಬೋದಿಲ್ಲ. ಹಡಗಿನದೇ ಫೋಟೋ ಬೇಕು ಅಂದರೆ ಟಾಗೋರ್ ಬೀಚಿನಲ್ಲಿ ಐಎನ್‌ಎಸ್ ಚಾಪಲ್ ಮ್ಯೂಸಿಯಂ ಇದೆಯಲ್ಲ, ಅಲ್ಲಿ ಕೇಳಿಕೊಂಡು ತೆಗೆಯಿರಿ.

ಯಲ್ಲಾಪುರದಿಂದ ಒಬ್ಬರು

ಯಾವುದೇ ತಗೊಳ್ಳಿ, ಜೂನ್ ಬಂದ ಮೇಲೆ ಅಸಲಿ ವೈರಿ ಬೂಷ್ಟು. ನಮ್ಮ ಕಡೆ ಚಪ್ಪಲಿಗೆ, ಬೆಲ್ಟಿಗೆ ಬೂಷ್ಟು ಬರುವ ಹಾಗೆ ಲೆನ್ಸಿಗೂ ಬರುತ್ತದೆ. ಗಾಜಿನ ಒಳಗೆ ಜೇಡನ ಬಲೆ ಥರ ಸಣ್ಣ ಎಳೆ ಕಂಡರೆ ಅದೇ. ಮಿರರ್‌ಲೆಸ್ ಆದರೆ ಹಾಳಾಗೋದು ಒಂದು ಲೆನ್ಸ್, ಬಾಡಿ ಉಳಿಯುತ್ತದೆ. ಬ್ರಿಜ್ ಆದರೆ ಎಲ್ಲಾ ಒಂದರೊಳಗೇ, ಬಿಚ್ಚಿಸಿ ಕ್ಲೀನ್ ಮಾಡಿಸೋಕೆ ಕೊಡುವ ದುಡ್ಡಿಗೆ ಯೋಚನೆ ಮಾಡಬೇಕಾಗುತ್ತದೆ. ಅಡುಗೆಮನೆಯ ಗಾಳಿಯಾಡದ ಡಬ್ಬಿ ಒಂದು ತಗೊಳ್ಳಿ, ದೊಡ್ಡದು. ಒಳಗೆ ಸಿಲಿಕಾ ಜೆಲ್, ಜೊತೆಗೆ ತೇವ ತೋರಿಸುವ ಸಣ್ಣ ಮೀಟರ್. ತೇವ ಶೇಕಡಾ 40ರಿಂದ 50ರ ನಡುವೆ ಇದ್ದರೆ ಸಾಕು. ಜೆಲ್‌ನ ಬಣ್ಣ ಬದಲಾದರೆ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಿ. ಕ್ಯಾಮೆರಾ ಬ್ಯಾಗಿನೊಳಗೇ ಇಟ್ಟು ಬೀರುವಿಗೆ ಸೇರಿಸಬೇಡಿ. ಅಟ್ಟದ ಮೇಲೆ ಹೊಗೆ ತಾಗುವಲ್ಲಿ ಇಡುವ ಬುದ್ಧಿವಂತಿಕೆಯೂ ಬೇಡ. ನಮ್ಮ ಮನೆಯಲ್ಲಿ ಆ ಸಲಹೆಯೂ ಬಂದಿತ್ತು.

ಮುಂಡಿಗೆಕೆರೆಗೆ ಹೋಗೋದೇ ಮಳೆಯಲ್ಲಿ ಅಲ್ವಾ. ಬೆಳ್ಳಕ್ಕಿ ಗೂಡು ಕಟ್ಟೋದು ಆಗಲೇ. ಪಿ950, ಆರ್50 ಯಾವುದೂ ಮಳೆ ತಡೆಯುವಂಥದ್ದಲ್ಲ. ಕೊಡೆ ಹಿಡಿಯೋಕೆ ಒಬ್ಬರನ್ನು ಕರೆದುಕೊಂಡು ಹೋಗಿ. ಮೋಡದ ಬೆಳಕಿನಲ್ಲಿ ಬೆಳ್ಳಕ್ಕಿ ತೆಗೆಯುವಾಗ ಎಕ್ಸ್‌ಪೋಷರ್ ನೋಡಿಕೊಳ್ಳಿ. ಹಿಂದೆ ಕಡು ಹಸಿರು ಮುಂಡಿಗೆ ಗಿಡ ಇದ್ದರೆ ಹಕ್ಕಿ ಬರೀ ಬಿಳಿ ಕಾಗದ ಆಗುತ್ತದೆ. ಒಂದು ಸ್ಟಾಪ್, ಅಂದರೆ ಬೆಳಕು ಅರ್ಧಕ್ಕೆ, ಇಳಿಸಿದರೆ ಗರಿ ಕಾಣುತ್ತದೆ.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಹಕ್ಕಿಯೇ ಜಾಸ್ತಿ, ಆಟ ವರ್ಷಕ್ಕೆ ಎಲ್ಲೋ ಎರಡು ಮೂರು. ಹಾರುವ ಹಕ್ಕಿಯ ಆಸೆ ಸದ್ಯಕ್ಕಿಲ್ಲ, ಕೂತದ್ದು ಸರಿಯಾಗಿ ಬಂದರೆ ಸಾಕು. ಬ್ರಿಜ್ ಕಡೆಗೇ ಮನಸ್ಸು ವಾಲುತ್ತಿದೆ. ಹುಬ್ಬಳ್ಳಿಯಲ್ಲಿ ಒಬ್ಬರು ಹಳೆಯ ಪಿ900 ಅರ್ಧ ಬೆಲೆಗೆ ಕೊಡುತ್ತೇನೆ ಅಂತಿದ್ದಾರೆ. ತಗೊಳ್ಳಬಹುದಾ?

ದಾಂಡೇಲಿಯಿಂದ

ಕೂತ ಹಕ್ಕಿಯೇ ಸಾಕು ಅಂದರೆ ನನ್ನ ತಕರಾರಿಲ್ಲ. ಇನ್ನು ಎರಡು ವರ್ಷ ಬಿಟ್ಟು ಹಾರುವ ಹಕ್ಕಿ ಬೇಕು ಅಂತ ಬರ್ತೀರಿ, ಆಗ ಮಾತಾಡೋಣ.

ಕುಮಟಾದಿಂದ

ಪಿ900 ಬಂದದ್ದು 2015ರಲ್ಲಿ, ಪಿ950 ಬಂದದ್ದು 2020ರಲ್ಲಿ. ಜೂಮು ಎರಡರದ್ದೂ ಅಷ್ಟೇ, 83 ಪಟ್ಟು. ಹಳೆಯದರಲ್ಲಿ ರಾ ಫೈಲ್ ಇಲ್ಲ, ಕಣ್ಣಿಟ್ಟು ನೋಡುವ ಕಿಂಡಿ ಅಷ್ಟು ಸ್ಪಷ್ಟ ಇಲ್ಲ. ಬಿಸಿಲಿನಲ್ಲಿ ಸ್ಕ್ರೀನ್ ಕಾಣದಾಗ ಆ ಕಿಂಡಿಯೇ ಗತಿ, ಹಾಗಾಗಿ ಇದು ಸಣ್ಣ ವಿಷಯ ಅಲ್ಲ. ಬೆಲೆ ನಿಜವಾಗಿ ಅರ್ಧ ಇದ್ದರೆ ಕಲಿಯೋಕೆ ಒಳ್ಳೇದೇ. ಉಳಿದ ದುಡ್ಡಿಗೆ ಒಂದು ಗಟ್ಟಿ ಮೊನೊಪಾಡ್ (ಒಂಟಿ ಕಾಲಿನ ಸ್ಟ್ಯಾಂಡ್) ಬರುತ್ತದೆ.

ಫೋನಿನಲ್ಲಿ ವ್ಯಾಪಾರ ಮುಗಿಸಬೇಡಿ, ಹೋಗಿ ನೋಡಿ. ಜೂಮನ್ನು ತುದಿ ತನಕ ಬಿಟ್ಟು ಹಿಂದೆ ತನ್ನಿ. ನಡುವೆ ತಡೆದರೆ, ಕರಕರ ಸದ್ದು ಬಂದರೆ ಬೇಡ. ಜೂಮು ಚಾಚಿದಾಗ ಮುಂದಿನಿಂದ ಮೊಬೈಲ್ ಟಾರ್ಚ್ ಓರೆಯಾಗಿ ಬಿಟ್ಟು ಒಳಗೆ ನೋಡಿ. ಸ್ವಲ್ಪ ಧೂಳು ಪರವಾಗಿಲ್ಲ, ಎಳೆ ಎಳೆಯಾಗಿ ಕಂಡರೆ ಯಲ್ಲಾಪುರದವರು ಹೇಳಿದ ಬೂಷ್ಟು. ಆಕಾಶದ್ದೋ ಬಿಳಿ ಗೋಡೆಯದ್ದೋ ಒಂದು ಫೋಟೋ ತೆಗೆದು ಕಪ್ಪು ಕಲೆ ಇದೆಯಾ ಅಂತ ಹಿಗ್ಗಿಸಿ ನೋಡಿ. ಸೆನ್ಸರಿನ ಧೂಳನ್ನು ಮನೆಯಲ್ಲಿ ತೆಗೆಯೋಕೆ ಬರೋದಿಲ್ಲ. ಆಮೇಲೆ ರಸ್ತೆಯಾಚೆಯ ಅಂಗಡಿ ಬೋರ್ಡಿಗೆ ಪೂರ್ತಿ ಜೂಮು ಹಾಕಿ, ಕೈಯಲ್ಲೇ ಹಿಡಿದು ತೆಗೆಯಿರಿ. ಅಕ್ಷರ ನಡುಗದೆ ಬಂದರೆ ಕೈ ನಡುಕ ತಡೆಯುವ ಸ್ಟೆಬಿಲೈಸರ್ ಸರಿ ಇದೆ. ಬ್ಯಾಟರಿ ಪಿ900ಕ್ಕೆ ಬೇರೆ, ಪಿ950ಕ್ಕೆ ಬೇರೆ. ಹಳೆಯದಕ್ಕೆ ಬೇಕಾದದ್ದು ಇಎನ್-ಇಎಲ್23. ಅದು ಹೊಸದು ಸಿಗುತ್ತದಾ ಅಂತ ಕ್ಯಾಮೆರಾಕ್ಕೆ ದುಡ್ಡು ಕೊಡುವ ಮೊದಲೇ ವಿಚಾರಿಸಿ.