ಗೋಲ್ಡ್‌ಫಿಶ್ ಮರಿ ಸಾಯ್ತಿವೆ, ವೈರಸ್ ಮೊಟ್ಟೆಯಲ್ಲೇ ಬರುತ್ತಾ?

ಕಲಬುರಗಿ_ಒರಾಂಡಾ: ಈ ಸಲವೂ ಅದೇ ಕಥೆ. ಮರಿಗಳು ಚೆನ್ನಾಗೇ ಬೆಳೆದವು. ಬಾಲ ಕವಲೊಡೆದು, ಇನ್ನೇನು ಬಣ್ಣ ತಿರುಗಬೇಕು ಅನ್ನುವಷ್ಟರಲ್ಲಿ ಸಾಯೋಕೆ ಶುರು. ತಂದೆ-ತಾಯಿ ಮಾತ್ರ ಗುಂಡುಕಲ್ಲಿನ ಹಾಗಿವೆ. ರೋಗ ಮೊಟ್ಟೆಯಿಂದಲೇ ಬರ್ತಿದೆಯಾ? ಈ ಜೋಡಿ ಬಿಟ್ಟುಬಿಡಲಾ?

ಬೀದರ್_ಡಿಸ್ಕಸ್: ಅಣ್ಣಾ, ಇದು ಅಮೋನಿಯಾನೇ, ಮೀನಿನ ಹೊಲಸಿಂದ ನೀರಲ್ಲಿ ಸೇರೋ ವಿಷ. ಟೆಸ್ಟ್ ಮಾಡಿದ್ರಾ?

ಕಲಬುರಗಿ_ಒರಾಂಡಾ: ಸೊನ್ನೆ ರೀ. ಸ್ಪಾಂಜ್ ಫಿಲ್ಟರ್ ಹಳೇದು, ಚೆನ್ನಾಗಿ ಪಳಗಿದೆ.

ಬೀದರ್_ಡಿಸ್ಕಸ್: ಹನಿ ಹಾಕೋ ಕಿಟ್ಟಾ, ಪಟ್ಟಿನಾ? ಕಿಟ್ ಹಳೇದಾದ್ರೆ ನಂಬೋಕಾಗಲ್ಲ. ಮತ್ತೆ ನೋಡಿ, ಅಮೋನಿಯಾನೇ ಇರುತ್ತೆ.

ಯಾದಗಿರಿ_ಕೋಯಿ: ಸ್ಪಾಂಜ್ ಎಲ್ಲಿ ಸಾಲುತ್ತೆ? ನಾನು ಸಾವಿರ ಲೀಟರ್ ಟ್ಯಾಂಕಿಗೆ ಡ್ರಮ್ಮಿನಲ್ಲಿ ನೀರು ಸೋಸೋ ಮೀಡಿಯಾ ತುಂಬಿ ಫಿಲ್ಟರ್ ಕಟ್ಟಿದ್ದೇನೆ. ನೀರು ಕನ್ನಡಿ!

ಬೀದರ್_ಡಿಸ್ಕಸ್: ಅಷ್ಟು ಜೋರು ನೀರಲ್ಲಿ ಮರಿ ನಿಲ್ಲುತ್ತಾ? ಮರಿಗೆ ಸ್ಪಾಂಜೇ ಸರಿ.

ಯಾದಗಿರಿ_ಕೋಯಿ: ನನ್ನವು ನಿಂತಿವೆ.

ಕಿವಿರು_ನೋಡಿ: ಫಿಲ್ಟರ್ ಮಾತು ಬಿಡಿ. ಒರಾಂಡಾ ಅವರೇ, ಸತ್ತ ಮರಿಯ ಕಿವಿರು ಯಾವ ಬಣ್ಣ? ನೀರು ಎಷ್ಟು ಡಿಗ್ರಿ? ಮರಿಗಳಿಗೆ ಯಾವ ನೀರು?

ಕಲಬುರಗಿ_ಒರಾಂಡಾ: ಕಿವಿರು ತೊಳೆದ ಹಾಗೆ ಬಿಳಿಚಿದೆ. ಚಳಿಗೆ ನೀರು ಇಪ್ಪತ್ತರ ಆಸುಪಾಸು. ನೀರು ತಂದೆ-ತಾಯಿ ಟ್ಯಾಂಕಿನದ್ದೇ ಹಾಕ್ತೀನಿ, ಎಲ್ಲರೂ ಹಾಗೇ ಮಾಡೋದಲ್ವಾ?

ಕಿವಿರು_ನೋಡಿ: ಹಾಗಿದ್ದರೆ ಮೊಟ್ಟೆಗಿಂತ ಮೊದಲು ಆ ನೀರನ್ನು ಅನುಮಾನಿಸಿ. ಗೋಲ್ಡ್‌ಫಿಶ್‌ಗೆ ಒಂದು ಹರ್ಪಿಸ್ ವೈರಸ್ ಇದೆ, 1992ರಲ್ಲಿ ಜಪಾನಿನಲ್ಲಿ ಕಂಡಿದ್ದು. 15ರಿಂದ 25 ಡಿಗ್ರಿ ನೀರಲ್ಲಿ ಜೋರಾಗುತ್ತೆ, ಕಿವಿರು ಬಿಳಿಚುತ್ತೆ. ಬದುಕಿದ ದೊಡ್ಡ ಮೀನು ಆರೋಗ್ಯವಾಗೇ ಕಂಡರೂ ವೈರಸ್ ಹೊತ್ತಿರಬಹುದು.

ಮೊಟ್ಟೆ ವಿಷಯಕ್ಕೆ ಬಂದರೆ, ಎಲ್ಲ ವೈರಸ್ಸೂ ಒಂದೇ ರೀತಿ ಅಲ್ಲ. ಟ್ರೌಟ್ ಮೀನಿನ ಐಪಿಎನ್ ವೈರಸ್ ಮೊಟ್ಟೆಯ ಒಳಗೇ ಹೋಗುತ್ತೆ, ಹೊರಗೆ ಅಯೋಡಿನ್‌ನಲ್ಲಿ ತೊಳೆದರೂ ಪೂರ್ತಿ ಹೋಗಲ್ಲ. ಅದೇ ಟ್ರೌಟ್‌ನ ಐಎಚ್‌ಎನ್ ಅನ್ನೋ ಇನ್ನೊಂದು ವೈರಸ್ ಹೆಚ್ಚಾಗಿ ಮೊಟ್ಟೆಯ ಮೈಮೇಲೆ ಅಂಟಿಕೊಂಡು ಬರುತ್ತೆ, ತೊಳೆದರೆ ತುಂಬಾ ಕಡಿಮೆಯಾಗುತ್ತೆ.

ಮುಂದಿನ ಸಲ ಮೊಟ್ಟೆ ಅಂಟಿದ ಮಾಪ್ (ಮೊಟ್ಟೆ ಇಡೋಕೆ ಹಾಕೋ ನೂಲಿನ ಗೊಂಚಲು) ಅರ್ಧ ಕತ್ತರಿಸಿ. ಒಂದರ್ಧ ಕ್ಲೋರಿನ್ ತೆಗೆದ ಹೊಸ ನೀರಿಗೆ, ಬೇರೆ ಬಲೆ, ಬೇರೆ ಪೈಪು. ಇನ್ನರ್ಧ ಈಗಿನ ಹಾಗೇ. ಎರಡಕ್ಕೂ ಒಂದೇ ಡಿಗ್ರಿ ಇರಲಿ. ಜೋಡಿ ಬಿಡುವ ಮಾತು ಆಮೇಲೆ.

ಬೀದರ್_ಡಿಸ್ಕಸ್: ಕಿವಿರು ಹುಳ ಬಿದ್ದರೂ ಬಿಳಿಚುತ್ತೆ ಸರ್.

ಕಿವಿರು_ನೋಡಿ: ಖಂಡಿತ. ಅದಕ್ಕೇ ಮೈಕ್ರೋಸ್ಕೋಪ್ ಮೊದಲು. ಹುಳ ಇಲ್ಲದಿದ್ದರೆ ಈಗಷ್ಟೇ ಸತ್ತ ಮರಿಯ ಕಿವಿರು, ಮೂತ್ರಪಿಂಡ ಆಲ್ಕೋಹಾಲಲ್ಲಿ ಹಾಕಿ ವೈರಸ್ ಪತ್ತೆ ಹಚ್ಚೋ ಪಿಸಿಆರ್‌ಗೆ ಕೊಡಿ. ಬೀದರ್‌ನ ಪಶು-ಮೀನುಗಾರಿಕೆ ವಿಶ್ವವಿದ್ಯಾಲಯದಲ್ಲಿ ವಿಚಾರಿಸಿ, ಅವರ ಮೀನುಗಾರಿಕೆ ಕಾಲೇಜು ಇರೋದು ಮಂಗಳೂರಲ್ಲಿ.

ಯಾದಗಿರಿ_ಕೋಯಿ: ಆ ಅಯೋಡಿನ್ ಮೆಡಿಕಲ್ ಶಾಪಿನದ್ದೇ ಆಗುತ್ತಾ?

ಕಿವಿರು_ನೋಡಿ: ಸೋಪು ಬೆರೆತಿರೋ ಸ್ಕ್ರಬ್ ಬೇಡವೇ ಬೇಡ. 10% ಪೊವಿಡೋನ್-ಅಯೋಡಿನ್ ದ್ರಾವಣ ಲೀಟರಿಗೆ 10 ಮಿಲಿ, 10 ನಿಮಿಷ. ಇದು ಟ್ರೌಟ್ ಮೊಟ್ಟೆಯ ಲೆಕ್ಕ. ಗೋಲ್ಡ್‌ಫಿಶ್‌ಗಾದರೆ ನಾಲ್ಕು ಮೊಟ್ಟೆ ಮೇಲೆ ನೋಡಿ ಆಮೇಲೆ ಉಳಿದವಕ್ಕೆ.